ಗಣಕಕ್ಕೆ ನೆನಪು ಕೊಟ್ಟ ಡಾ. ಆನ್ ವಾಂಗ್

ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ಹಳ್ಳಿಯಲ್ಲಾಗಲಿ, ಬೆಂಗಳೂರಿನ ಬಡಾವಣೆಯಲ್ಲಾಗಲಿ, ಅಟ್ಟ ಸೇರಿರುವ ಹಳೆಯ ಗಣಕಯಂತ್ರವೊಂದರ ಮುಚ್ಚಳ ತೆರೆದು ನೋಡಿದರೆ ಮದರ್‌ಬೋರ್ಡಿನ ಮೇಲೆ ನೆಟ್ಟಗೆ ನಿಂತ ಹಸಿರು ಬಣ್ಣದ ಸಣ್ಣ ಪಟ್ಟಿಗಳು ಕಣ್ಣಿಗೆ ಬೀಳುತ್ತವೆ. ಪಟ್ಟಿಯ ಮೈಮೇಲೆ ಕಪ್ಪು ಚಿಪ್ಪುಗಳ ಸಾಲು. ಕೆಳಗಿನ ಅಂಚಿನಲ್ಲಿ ಹಲ್ಲುಗಳಂತೆ ಜೋಡಿಸಿದ ಲೋಹದ ಸಂಪರ್ಕಗಳು. ಜನರ ಬಾಯಲ್ಲಿ ಇದರ ಹೆಸರು ರ್‍ಯಾಮ್. ಯಂತ್ರ ಕೆಲಸ ಮಾಡುವಷ್ಟು ಹೊತ್ತು ಅದರ ನೆನಪು ಉಳಿಯುವುದು ಈ ಪಟ್ಟಿಯಲ್ಲೇ.

ಅಂಚಿನ ಆ ಹಲ್ಲುಗಳಿಗೆ ಅನೇಕ ವೇಳೆ ಚಿನ್ನದ ತೆಳುವಾದ ಲೇಪವಿರುತ್ತದೆ. ಚಿನ್ನಕ್ಕೆ ತುಕ್ಕು ಹಿಡಿಯದು, ವಿದ್ಯುತ್ತು ಅದರ ಮೂಲಕ ಸಲೀಸಾಗಿ ಹರಿಯುತ್ತದೆ ಎಂಬುದೇ ಇದಕ್ಕೆ ಕಾರಣ. ಶತಮಾನಕ್ಕೂ ಹೆಚ್ಚು ಕಾಲ ಭೂಗರ್ಭದಿಂದ ಚಿನ್ನ ತೆಗೆದು, 2001ರ ಫೆಬ್ರುವರಿ 28ರಂದು ಗಣಿಗಳ ಬಾಗಿಲು ಮುಚ್ಚುವುದನ್ನು ಕಂಡ ಕೋಲಾರ ಜಿಲ್ಲೆಯ ಜನಕ್ಕೆ ಚಿನ್ನದ ಗುಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಿತ್ತು ಬೇರೆ ಕಡೆ ಸಿಕ್ಕಿಸಬಹುದಾದ ಈ ಪಟ್ಟಿಯ ಹಿಂದೆ ನಿಂತಿರುವ ಮನುಷ್ಯನ ಬದುಕಿನ ಕತೆ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಗಣಕದ ನೆನಪನ್ನು ವ್ಯಾಪಾರದ ವಸ್ತುವನ್ನಾಗಿ ಮಾಡಿ ಶ್ರೀಮಂತರಾದ, ಯಾರ ಯಂತ್ರಕ್ಕಾದರೂ ಹೊಂದುವ ಮೆಮೊರಿ ಪಟ್ಟಿ ಹುಟ್ಟಿದ ಸಂಸ್ಥೆಯನ್ನು ಕಟ್ಟಿದ, ಕೊನೆಗೆ ತಮ್ಮ ಯಂತ್ರಗಳು ಇತರರ ಯಂತ್ರಗಳೊಡನೆ ಹೊಂದದೆ ಹೋದದ್ದರಿಂದಲೇ ಆ ಸಂಸ್ಥೆ ಕುಸಿಯುವುದನ್ನು ನೋಡಿ ಕಣ್ಮುಚ್ಚಿದ ಡಾ. ಆನ್ ವಾಂಗ್ ಅವರ ಕತೆ ಅದು.

ಕುನ್‌ಶಾನ್‌ನ ಹುಡುಗ

ವಾಂಗ್ ಹುಟ್ಟಿದ್ದು 1920ರ ಫೆಬ್ರುವರಿ 7ರಂದು, ಚೀನದ ಶಾಂಘೈ ನಗರದಲ್ಲಿ. ಬೆಳೆದದ್ದು ಅದಕ್ಕೆ ಸಮೀಪದ ಕುನ್‌ಶಾನ್ ಪಟ್ಟಣದಲ್ಲಿ. ತಂದೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಜೊತೆಗೆ ನಾರುಬೇರುಗಳ ನಾಟಿ ವೈದ್ಯವನ್ನೂ ಬಲ್ಲವರಾಗಿದ್ದರು. ಮನೆಯಲ್ಲಿ ಅಜ್ಜಿಯಿಂದ ಬಾಲಕನಿಗೆ ಕನ್‌ಫ್ಯೂಷಿಯಸ್‌ನ ನೀತಿಪಾಠಗಳು ದೊರೆತವು. ಊರಿನ ಶಾಲೆ ಮೂರನೆಯ ತರಗತಿಯಿಂದ ಆರಂಭವಾಗುತ್ತಿದ್ದ ಕಾರಣ ಆರು ವರ್ಷದ ಹುಡುಗ ನೇರವಾಗಿ ಮೂರನೆಯ ತರಗತಿಗೇ ಸೇರಬೇಕಾಯಿತು. ತನಗಿಂತ ದೊಡ್ಡವರ ನಡುವೆ ಕುಳಿತು ಕಲಿಯುವುದು ಅಂದಿನಿಂದಲೇ ಅವರಿಗೆ ರೂಢಿಯಾಯಿತು. ಗಣಿತ ಮತ್ತು ವಿಜ್ಞಾನಗಳಲ್ಲಿ ಎಲ್ಲರಿಗಿಂತ ಮುಂದಿದ್ದರು.

ಹದಿನಾರನೆಯ ವಯಸ್ಸಿನಲ್ಲಿ ಶಾಂಘೈನ ಪ್ರತಿಷ್ಠಿತ ಜಿಯಾವೊ ತೊಂಗ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಅಧ್ಯಯನಕ್ಕೆ ಸೇರಿದರು. 1937ರಲ್ಲಿ ಜಪಾನಿನ ಸೇನೆ ಚೀನದ ಮೇಲೆ ಏರಿಬಂದಾಗ ವಿಶ್ವವಿದ್ಯಾಲಯ ಶಾಂಘೈನ ಫ್ರೆಂಚ್ ವಸಾಹತಿನೊಳಗೆ ಆಶ್ರಯ ಪಡೆಯಿತು. ಹೊರಗೆ ಯುದ್ಧ, ಒಳಗೆ ಪಾಠ. ಇಂತಹ ಸ್ಥಿತಿಯಲ್ಲಿ 1940ರಲ್ಲಿ ಪದವಿ ಮುಗಿಯಿತು. ಆ ಯುದ್ಧಕಾಲ ವಾಂಗ್ ಅವರ ತಂದೆ, ತಾಯಿ ಮತ್ತು ಅಕ್ಕನನ್ನು ಬಲಿ ತೆಗೆದುಕೊಂಡಿತು.

1941ರಲ್ಲಿ ಅವರು ಕೆಲವು ಗೆಳೆಯರೊಡನೆ ಒಳನಾಡಿನ ಗುಯ್‌ಲಿನ್ ನಗರಕ್ಕೆ ಹೋಗಿ ಚೀನೀ ಸೇನೆಗಾಗಿ ರೇಡಿಯೊ ಉಪಕರಣಗಳನ್ನು ರೂಪಿಸುವ ಕೆಲಸಕ್ಕೆ ನಿಂತರು. ಅಗತ್ಯವಾದ ಬಿಡಿಭಾಗಗಳು ಸಿಗುತ್ತಿರಲಿಲ್ಲ. ಕೈಗೆ ದೊರೆತದ್ದನ್ನೇ ಒಂದಕ್ಕೊಂದು ಹೊಂದಿಸಿ ಪ್ರೇಷಕ ಯಂತ್ರ ಕಟ್ಟಬೇಕಾಗಿತ್ತು. ಬೇರೆ ಬೇರೆ ಮೂಲದ ಭಾಗಗಳನ್ನು ಒಂದೇ ಯಂತ್ರದಲ್ಲಿ ದುಡಿಸುವ ವಿದ್ಯೆಯನ್ನು ವಾಂಗ್ ಕಲಿತದ್ದು ಬಾಂಬು ಬೀಳುತ್ತಿದ್ದ ಆ ಊರಿನಲ್ಲಿ.

ಯುದ್ಧ ಮುಗಿಯುವ ಹೊತ್ತಿಗೆ ದೇಶದ ಪುನರ್ನಿರ್ಮಾಣಕ್ಕೆಂದು ಎಂಜಿನಿಯರುಗಳನ್ನು ಅಮೆರಿಕಕ್ಕೆ ತರಬೇತಿಗಾಗಿ ಕಳುಹಿಸುವ ಯೋಜನೆಯೊಂದನ್ನು ಚೀನ ಸರ್ಕಾರ ರೂಪಿಸಿತು. ಪರೀಕ್ಷೆಯಲ್ಲಿ ಆಯ್ಕೆಯಾದ ವಾಂಗ್ 1945ರಲ್ಲಿ ಹಿಮಾಲಯದ ಮೇಲಿನ ವಿಮಾನ ಮಾರ್ಗದಲ್ಲಿ ಭಾರತಕ್ಕೆ ಬಂದು, ಇಲ್ಲಿಂದ ಹಡಗು ಹತ್ತಿ ಅಮೆರಿಕ ತಲುಪಿದರು. ಆಗ ಅವರಿಗೆ 25 ವರ್ಷ. ಎರಡು ವರ್ಷ ಇದ್ದು ಮರಳುವ ಯೋಚನೆ ಇತ್ತು. ಆದರೆ ಬದುಕಿನ ಉಳಿದ ಭಾಗವೆಲ್ಲ ಅಲ್ಲೇ ಕಳೆಯಿತು.

ಓದಿದರೆ ಅಳಿಸಿಹೋಗುವ ನೆನಪು

ಕಾರ್ಖಾನೆಯಲ್ಲಿ ತರಬೇತಿ ಪಡೆಯುವ ಬದಲು ವಾಂಗ್ ಹಾರ್ವರ್ಡ್ ವಿಶ್ವವಿದ್ಯಾಲಯದ ಬಾಗಿಲು ತಟ್ಟಿದರು. 1946ರಲ್ಲಿ ಸ್ನಾತಕೋತ್ತರ ಪದವಿ, 1948ರಲ್ಲಿ ಅನ್ವಯಿಕ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ದೊರೆಯಿತು. ಅದೇ ವರ್ಷ ಹೊವರ್ಡ್ ಐಕೆನ್ ಅವರ ಗಣನ ಪ್ರಯೋಗಾಲಯ ಸೇರಿದರು. ಗಣಕಯಂತ್ರವೆಂದರೆ ಕೋಣೆ ತುಂಬುವ ಯಂತ್ರ ಎಂದಿದ್ದ ಕಾಲವದು. ಲೆಕ್ಕ ಮಾಡುವ ವೇಗ ಹೆಚ್ಚುತ್ತಿತ್ತು, ಆದರೆ ಲೆಕ್ಕದ ಅಂಕಿಗಳನ್ನು ನೆನಪಿನಲ್ಲಿಟ್ಟು ತಕ್ಷಣ ಹಿಂದಿರುಗಿಸುವ ಸಾಧನ ಇರಲಿಲ್ಲ. ಚಲಿಸುವ ಭಾಗಗಳಿಲ್ಲದೆ, ಕಾಂತಶಕ್ತಿಯ ನೆರವಿನಿಂದ ಅಂಕಿಗಳನ್ನು ಹಿಡಿದಿಡುವ ಉಪಾಯ ಹುಡುಕಬೇಕೆಂದು ಐಕೆನ್ ಈ ತರುಣನಿಗೆ ಸೂಚಿಸಿದರು.

ಕಾಂತೀಯ ವಸ್ತುವಿನ ಸಣ್ಣ ಉಂಗುರವೊಂದನ್ನು ಒಂದು ದಿಕ್ಕಿನಲ್ಲಿ ಕಾಂತೀಕರಿಸಿದರೆ ಅದು 1, ವಿರುದ್ಧ ದಿಕ್ಕಿನಲ್ಲಿ ಕಾಂತೀಕರಿಸಿದರೆ 0. ವಿದ್ಯುತ್ತು ನಿಂತರೂ ಉಂಗುರ ತನ್ನ ಸ್ಥಿತಿಯನ್ನು ಮರೆಯುವುದಿಲ್ಲ. ತೊಡಕಿದ್ದುದು ಓದುವ ಹಂತದಲ್ಲಿ. ಉಂಗುರದಲ್ಲಿ ಏನಿದೆ ಎಂದು ತಿಳಿಯಲು ಅದರ ಮೂಲಕ ವಿದ್ಯುತ್ ಹರಿಸಬೇಕು. ಹರಿಸಿದೊಡನೆ ಅದರ ಸ್ಥಿತಿ ಬದಲಾಗಿ ಒಳಗಿದ್ದ ಮಾಹಿತಿ ಅಳಿಸಿಹೋಗುತ್ತದೆ.

ಕೆಲವು ವಾರ ಈ ತೊಡಕಿನೊಡನೆ ಹೆಣಗಿದ ವಾಂಗ್ ಅವರಿಗೆ ಹಾರ್ವರ್ಡಿನ ಆವರಣದಲ್ಲಿ ನಡೆದು ಹೋಗುತ್ತಿದ್ದಾಗ ಪರಿಹಾರ ಹೊಳೆಯಿತು. ಮಾಹಿತಿ ಅಳಿಸಿಹೋದರೆ ಹೋಗಲಿ. ಓದಿದ ಮರುಕ್ಷಣವೇ ಅದನ್ನು ಹಿಂದಿನ ಜಾಗಕ್ಕೆ ಮತ್ತೆ ಬರೆದುಬಿಟ್ಟರಾಯಿತು. ಬರೆಯಲು ಬೇಕಾದ ಕಾಲ ಸೆಕೆಂಡಿನ ಅತ್ಯಲ್ಪ ಭಾಗ. ಕೇಳಲು ಇದು ಅತಿ ಸರಳವೆನಿಸುತ್ತದೆ. ಆದರೆ ಅಳಿಸುವುದನ್ನು ತಡೆಯಬೇಕೆಂದು ಎಲ್ಲರೂ ಯೋಚಿಸುತ್ತಿದ್ದಾಗ, ಅಳಿಸಿದರೂ ನಷ್ಟವಿಲ್ಲ ಎಂದು ಕಂಡುಕೊಂಡದ್ದೇ ಅವರ ಹೆಚ್ಚುಗಾರಿಕೆ. 1949ರ ಅಕ್ಟೋಬರಿನಲ್ಲಿ ಅವರು ತಮ್ಮ ಹೆಸರಿನಲ್ಲೇ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. 1955ರ ಮೇ ತಿಂಗಳಲ್ಲಿ ಪೇಟೆಂಟ್ ದೊರೆಯಿತು.

ಕಾಂತೀಯ ಉಂಗುರಗಳ ಸ್ಮೃತಿಯ ಕೀರ್ತಿ ವಾಂಗ್ ಒಬ್ಬರಿಗೇ ಸಲ್ಲುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಉಂಗುರಗಳನ್ನು ಅಡ್ಡ ಮತ್ತು ಉದ್ದ ತಂತಿಗಳ ಜಾಲರಿಯಲ್ಲಿ ಪೋಣಿಸಿ, ಬೇಕಾದ ಉಂಗುರವೊಂದನ್ನೇ ಆರಿಸಿಕೊಳ್ಳುವ ವಿಧಾನವನ್ನು ರೂಢಿಗೆ ತಂದವರು ಎಂಐಟಿ ಸಂಸ್ಥೆಯ ಜೇ ಫಾರೆಸ್ಟರ್. ಅವರ ವರ್ಲ್‌ವಿಂಡ್ ಯಂತ್ರಕ್ಕೆ 1953ರಲ್ಲಿ ಇಂತಹ ಸ್ಮೃತಿಯನ್ನು ಅಳವಡಿಸಲಾಯಿತು. ವಾಂಗ್ ಅವರ ಮರುಬರವಣಿಗೆ ಮತ್ತು ಫಾರೆಸ್ಟರ್ ಅವರ ಜಾಲರಿ ಸೇರಿ ಮುಂದಿನ ಸುಮಾರು ಇಪ್ಪತ್ತು ವರ್ಷ ಜಗತ್ತಿನ ಗಣಕಗಳ ನೆನಪನ್ನು ಹೊತ್ತವು. ಮಲ್ಲಿಗೆ ಮೊಗ್ಗು ಪೋಣಿಸಿದಷ್ಟೇ ನಾಜೂಕಾಗಿ ಈ ಉಂಗುರಗಳಿಗೆ ತಂತಿ ಪೋಣಿಸುವ ಕೆಲಸವನ್ನು ಕಾರ್ಖಾನೆಗಳಲ್ಲಿ ಬಹುಪಾಲು ಮಹಿಳೆಯರೇ ಮಾಡುತ್ತಿದ್ದರು.

ಭಾರತವೂ ಈ ಮಾರ್ಗದಲ್ಲೇ ನಡೆಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದ ತಂಡ ಸ್ವದೇಶದಲ್ಲೇ ನಿರ್ಮಿಸಿದ, 1960ರಲ್ಲಿ ಕಾರ್ಯಾರಂಭ ಮಾಡಿದ ಟಿಫ್ರಾಕ್ ಗಣಕದ ನೆನಪೂ ಫೆರೈಟ್ ಉಂಗುರಗಳದ್ದೇ. 2048 ಪದಗಳಷ್ಟು ಅದರ ಸಾಮರ್ಥ್ಯ. ಇಂದಿನ ಒಂದು ಛಾಯಾಚಿತ್ರವೂ ಅದರಲ್ಲಿ ಹಿಡಿಯಲಾರದು.

600 ಡಾಲರ್ ಬಂಡವಾಳ

1949ರಲ್ಲಿ ವಾಂಗ್ ಶಾಂಘೈ ಮೂಲದ ಲೊರೇನ್ ಚ್ಯೂ ಅವರನ್ನು ವಿವಾಹವಾದರು. ಹಾರ್ವರ್ಡ್ ಗಣಕ ಸಂಶೋಧನೆಯಿಂದ ನಿಧಾನವಾಗಿ ಹಿಂದೆ ಸರಿಯುತ್ತಿತ್ತು. 1951ರ ಜೂನ್ ತಿಂಗಳಲ್ಲಿ ಅವರು ಕೆಲಸ ಬಿಟ್ಟು, ಉಳಿತಾಯದ 600 ಡಾಲರುಗಳೊಂದಿಗೆ ಬಾಸ್ಟನ್ ನಗರದ ಕೋಣೆಯೊಂದರಲ್ಲಿ ವಾಂಗ್ ಲ್ಯಾಬೊರೇಟರೀಸ್ ಎಂಬ ಫಲಕ ತೂಗುಹಾಕಿದರು. ಕೋಣೆಯಲ್ಲಿ ಒಂದು ಮೇಜು, ಕುರ್ಚಿ, ದೂರವಾಣಿ. ಕಾಂತೀಯ ಉಂಗುರಗಳನ್ನು ಒಂದೊಂದಕ್ಕೆ ನಾಲ್ಕು ಡಾಲರಿನಂತೆ ಪ್ರಯೋಗಾಲಯಗಳಿಗೆ ಮಾರುವುದು ಮೊದಲ ವ್ಯಾಪಾರವಾಯಿತು. ಏಷ್ಯಾದಿಂದ ಬಂದವನೊಬ್ಬ ಅಮೆರಿಕದಲ್ಲಿ ಸ್ವಂತ ಉದ್ಯಮ ನಡೆಸಬಲ್ಲನೇ ಎಂಬ ಅನುಮಾನ ಸುತ್ತಲೂ ಇದ್ದ ಕಾಲದಲ್ಲಿ ಅದು ಸಣ್ಣ ಸಾಹಸವಾಗಿರಲಿಲ್ಲ.

ಪೇಟೆಂಟಿನ ಮೇಲೆ ಐಬಿಎಂ ಸಂಸ್ಥೆಯ ಕಣ್ಣು ಬಿದ್ದಿತು. ದೀರ್ಘಕಾಲದ ಚೌಕಾಸಿಯ ನಂತರ 1956ರಲ್ಲಿ ಐದು ಲಕ್ಷ ಡಾಲರಿಗೆ ಅದನ್ನು ಮಾರುವ ಒಪ್ಪಂದವಾಯಿತು. ಅದೇ ಬಗೆಯ ಸಂಶೋಧನೆ ತನ್ನದೆಂದು ಮತ್ತೊಬ್ಬರು ಹಕ್ಕು ಮಂಡಿಸಿದ ಕಾರಣ ಆ ಹಣದ ಒಂದು ಪಾಲು ವಾಂಗ್ ಅವರ ಕೈ ಸೇರಲಿಲ್ಲ. ದೊಡ್ಡ ಸಂಸ್ಥೆ ತಮ್ಮನ್ನು ಒತ್ತಡಕ್ಕೆ ಸಿಲುಕಿಸಿತೆಂಬ ಕಹಿ ಅವರಲ್ಲಿ ಕಡೆಯವರೆಗೂ ಉಳಿಯಿತು. ಐಬಿಎಂ ಹಾಕಿದ ದಾರಿಯಲ್ಲಿ ನಡೆಯಲೊಲ್ಲದ ಅವರ ಮುಂದಿನ ಹಠಕ್ಕೆ ಬೇರು ಇಲ್ಲಿದೆ ಎಂದು ಹೇಳುವವರುಂಟು.

1960ರ ದಶಕದ ನಡುವಿನಲ್ಲಿ ವಾಂಗ್ ಸಂಸ್ಥೆ ಮೇಜಿನ ಮೇಲಿಡುವ ವಿದ್ಯುನ್ಮಾನ ಗಣನ ಯಂತ್ರಗಳಿಂದ ಹೆಸರು ಮಾಡಿತು. 1967ರ ಆಗಸ್ಟಿನಲ್ಲಿ ಷೇರುಗಳನ್ನು ಸಾರ್ವಜನಿಕರಿಗೆ ನೀಡಿದಾಗ 12.50 ಡಾಲರಿನ ಷೇರು ಮೊದಲ ದಿನವೇ ಮೂರು ಪಟ್ಟು ಬೆಲೆ ಕಂಡಿತು. ಗಣನ ಯಂತ್ರಗಳು ಅಗ್ಗವಾಗಿ ಬೀದಿ ಬೀದಿಯಲ್ಲಿ ಸಿಗುವ ದಿನ ಬರುತ್ತದೆಂದು ಮುಂಚೆಯೇ ಗ್ರಹಿಸಿದ ವಾಂಗ್, ಆ ವ್ಯಾಪಾರದಿಂದ ಸರಿದು ಅಕ್ಷರದ ಕಡೆ ತಿರುಗಿದರು. 1976ರಲ್ಲಿ ಬಂದ ಅವರ ಪದಸಂಸ್ಕರಣ ಯಂತ್ರ ಪರದೆಯ ಮೇಲೆ ಪತ್ರ ಮೂಡಿಸಿ, ತಪ್ಪು ತಿದ್ದಿ, ಬಳಿಕ ಮುದ್ರಿಸುವ ಸೌಕರ್ಯವನ್ನು ಕಚೇರಿಗಳಿಗೆ ಒದಗಿಸಿತು. ಬೆರಳಚ್ಚು ಯಂತ್ರದ ಮುಂದೆ ಒಂದು ತಪ್ಪಿಗಾಗಿ ಇಡೀ ಹಾಳೆಯನ್ನು ಮತ್ತೆ ಹೊಡೆಯುತ್ತಿದ್ದವರಿಗೆ ಇದು ವರವಾಗಿ ಬಂದಿತು.

ಬಟ್ಟೆ ಗಿರಣಿಗಳು ಮುಚ್ಚಿ ಸೊರಗಿದ್ದ ಲೋವೆಲ್ ಎಂಬ ಊರಿನಲ್ಲಿ ವಾಂಗ್ ತಮ್ಮ ಪ್ರಧಾನ ಕಚೇರಿಯ ಗೋಪುರಗಳನ್ನು ಎಬ್ಬಿಸಿದರು. ಸಾವಿರಾರು ಜನಕ್ಕೆ ಕೆಲಸ ದೊರೆಯಿತು. ಗಣಿ ಮುಚ್ಚಿದ ಊರಿನ ಮಂಕು ಎಂಥದೆಂದು ಬಲ್ಲ ಕೋಲಾರದವರಿಗೆ ಲೋವೆಲ್‌ನವರ ಸಂಭ್ರಮ ಅರ್ಥವಾದೀತು. 1980ರ ದಶಕದ ನಡುವಿನ ಹೊತ್ತಿಗೆ ಸಂಸ್ಥೆಯ ವಾರ್ಷಿಕ ವಹಿವಾಟು ಇನ್ನೂರು ಕೋಟಿ ಡಾಲರ್ ದಾಟಿತು; ಉತ್ತುಂಗದಲ್ಲಿ ನೌಕರರ ಸಂಖ್ಯೆ 30 ಸಾವಿರ ಮೀರಿತು. ವಾಂಗ್ ಅಮೆರಿಕದ ಅತಿ ಶ್ರೀಮಂತರ ಸಾಲಿಗೆ ಸೇರಿದರು. ಆಸ್ಪತ್ರೆಗೆ, ವಿದ್ಯಾಸಂಸ್ಥೆಗಳಿಗೆ, ಬಾಸ್ಟನ್ನಿನ ರಂಗಮಂದಿರಕ್ಕೆ ಧಾರಾಳವಾಗಿ ದಾನ ಮಾಡಿದರು.

ಎಲ್ಲರಿಗೂ ಹೊಂದಿದ ಪಟ್ಟಿ

ಅಷ್ಟರಲ್ಲಿ ಕಾಂತೀಯ ಉಂಗುರಗಳ ಯುಗ ಮುಗಿದಿತ್ತು. 1970ರಲ್ಲಿ ಇಂಟೆಲ್ ಸಂಸ್ಥೆ ಮಾರುಕಟ್ಟೆಗೆ ತಂದ 1103 ಎಂಬ ಚಿಪ್ಪು ಗಣಕದ ನೆನಪನ್ನು ಸಿಲಿಕಾನಿಗೆ ವರ್ಗಾಯಿಸಿತು. ಆದರೆ ಆ ಚಿಪ್ಪುಗಳನ್ನು ಬೋರ್ಡಿನ ಮೇಲೆ ಒಂದೊಂದಾಗಿ ಕೂರಿಸಬೇಕಾಗಿತ್ತು. ಕಾಲುಗಳು ಬಾಗಿದರೆ, ದಿಕ್ಕು ತಪ್ಪಿದರೆ ಯಂತ್ರ ಏಳುತ್ತಿರಲಿಲ್ಲ. ಬಿಸಿಯಾಗಿ ತಣಿದು, ಮತ್ತೆ ಬಿಸಿಯಾಗಿ ಚಿಪ್ಪುಗಳು ತಮ್ಮ ಗುಳಿಯಿಂದ ಸ್ವಲ್ಪ ಸ್ವಲ್ಪವೇ ಮೇಲೇಳುತ್ತಿದ್ದುದೂ ಉಂಟು. ಜಾಗವೂ ಹೆಚ್ಚು ಬೇಕಾಗುತ್ತಿತ್ತು.

ಇದಕ್ಕೆ ಮದ್ದು ಕಂಡುಹಿಡಿದವರು ವಾಂಗ್ ಸಂಸ್ಥೆಯ ಎಂಜಿನಿಯರ್ ಜೇಮ್ಸ್ ಕ್ಲೇಟನ್. ಒಂಬತ್ತು ಚಿಪ್ಪುಗಳನ್ನು ಒಂದು ಸಣ್ಣ ಪಟ್ಟಿಯ ಮೇಲೆ ಬೆಸೆದು, ಅಂಚಿನಲ್ಲಿ 30 ಸಂಪರ್ಕಗಳನ್ನಿಟ್ಟು, ಇಡೀ ಪಟ್ಟಿಯನ್ನೇ ಮದರ್‌ಬೋರ್ಡಿನ ಸ್ಲಾಟಿನಲ್ಲಿ ಸಿಕ್ಕಿಸುವ ಏರ್ಪಾಡು ಅದು. ಎಂಟು ಚಿಪ್ಪುಗಳು ಮಾಹಿತಿಗೆ, ಒಂಬತ್ತನೆಯದು ಆ ಮಾಹಿತಿ ಸರಿಯಾಗಿದೆಯೇ ಎಂದು ತಾಳೆ ನೋಡಲು. 1983ರ ಸೆಪ್ಟೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಕೆಯಾಯಿತು. 1987ರಲ್ಲಿ ಅದು ಮಂಜೂರಾಯಿತು. ಸಿಂಗಲ್ ಇನ್‌ಲೈನ್ ಮೆಮೊರಿ ಮಾಡ್ಯೂಲ್ ಎಂಬ ಉದ್ದ ಹೆಸರನ್ನು ಜನ ಸಿಮ್ ಎಂದು ಮೊಟಕುಗೊಳಿಸಿದರು. ಇಂದಿನ ಮೊಬೈಲಿನ ಸಿಮ್ ಕಾರ್ಡಿಗೂ ಇದಕ್ಕೂ ಯಾವ ನಂಟೂ ಇಲ್ಲ.

ಈ ಪಟ್ಟಿಗಳನ್ನು ವಾಂಗ್ ಸಂಸ್ಥೆ ತಾನೇ ತಯಾರಿಸಿ ಬೀಗುವ ಬದಲು ಚಿಪ್ಪು ತಯಾರಕರು ಹೆಚ್ಚು ಹೆಚ್ಚಾಗಿ ತಯಾರಿಸಲಿ ಎಂದು ಬಯಸಿತು. ತಯಾರಕರು ಹೆಚ್ಚಿದರೆ ಬೆಲೆ ಇಳಿಯುತ್ತದೆ, ಅಗ್ಗವಾಗಿ ಕೊಳ್ಳಬಹುದು ಎಂಬುದು ಲೆಕ್ಕಾಚಾರ. 1986ರಲ್ಲಿ ಉದ್ಯಮದ ಮಾನಕ ಸಂಸ್ಥೆಯಾದ ಜೆಡೆಕ್ ಇದನ್ನು ಸರ್ವಸಮ್ಮತ ಮಾದರಿಯೆಂದು ಸ್ವೀಕರಿಸಿತು. ಅದೇ ವರ್ಷ ಬಂದ ಆ್ಯಪಲ್‌ನ ಮ್ಯಾಕಿಂತೋಷ್ ಪ್ಲಸ್ ಯಂತ್ರದಲ್ಲಿ ಇಂತಹ ಪಟ್ಟಿಗಳಿಗೆ ನಾಲ್ಕು ಸ್ಲಾಟುಗಳಿದ್ದವು. ಐಬಿಎಂ ಮಾದರಿಯ ಅಗ್ಗದ ಯಂತ್ರಗಳಲ್ಲಂತೂ ಇದು ಮನೆಮಾತಾಯಿತು. ನೆನಪು ಸಾಲದಾದಾಗ ಯಂತ್ರವನ್ನೇ ಬದಲಿಸಬೇಕಿಲ್ಲ, ಪಟ್ಟಿ ಸೇರಿಸಿದರೆ ಸಾಕು ಎಂಬ ಅನುಕೂಲ ಜನಸಾಮಾನ್ಯನ ಕೈಗೆ ಬಂದದ್ದು ಹೀಗೆ.

ಹೊಂದಾಣಿಕೆಯ ಲೆಕ್ಕ

ಎಲ್ಲರಿಗೂ ಹೊಂದುತ್ತದೆ ಎಂದ ಮಾತ್ರಕ್ಕೆ ಸಿಕ್ಕಿದ್ದನ್ನು ಸಿಕ್ಕಲ್ಲಿ ತುರುಕಬಹುದು ಎಂದರ್ಥವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹಳೆಯ ಬಿಡಿಭಾಗ ಅರಸಿದವರಿಗೆ ಇದು ಗೊತ್ತು. 30 ಪಿನ್ನಿನ ಪಟ್ಟಿ ಒಮ್ಮೆಗೆ ಎಂಟು ಬಿಟ್ ಮಾಹಿತಿ ನೀಡುತ್ತದೆ. 286 ಯಂತ್ರದ ದಾರಿ 16 ಬಿಟ್ ಅಗಲ, ಆದ್ದರಿಂದ ಪಟ್ಟಿಗಳು ಎರಡು ಬೇಕು. 386 ಡಿಎಕ್ಸ್ ಮತ್ತು 486ಗಳ ದಾರಿ 32 ಬಿಟ್ ಅಗಲ, ಅಲ್ಲಿ ನಾಲ್ಕು ಬೇಕು. ನಾಲ್ಕೂ ಒಂದೇ ಗಾತ್ರದವಾಗಿರಬೇಕು. ಮೂರನ್ನು ಹಾಕಿ ಒಂದು ಜಾಗ ಖಾಲಿ ಬಿಟ್ಟರೆ ಆ ಸಾಲು ಲೆಕ್ಕಕ್ಕೇ ಬರುವುದಿಲ್ಲ. ಮುಂದೆ ಬಂದ 72 ಪಿನ್ನಿನ ಪಟ್ಟಿ ಒಂದೇ 32 ಬಿಟ್ ಕೊಡುತ್ತಿದ್ದುದರಿಂದ 486ಕ್ಕೆ ಒಂದು ಸಾಕಾಯಿತು. 64 ಬಿಟ್ಟಿನ ಪೆಂಟಿಯಂಗೆ ಜೋಡಿಯಾಗಿ ಹಾಕಬೇಕಾಯಿತು. 168 ಪಿನ್ನಿನ ಡಿಮ್ ಬಂದ ಮೇಲೆ ಪಟ್ಟಿಯ ಎರಡೂ ಬದಿಯ ಸಂಪರ್ಕಗಳು ಬೇರೆ ಬೇರೆ ಕೆಲಸ ಮಾಡತೊಡಗಿ, ಪೆಂಟಿಯಂಗೂ ಒಂದೇ ಪಟ್ಟಿ ಸಾಕಾಯಿತು.

ಆ ಬಳಿಕದ ಪೀಳಿಗೆಗಳಲ್ಲಿ ವಿದ್ಯುತ್ ಒತ್ತಡ ಇಳಿಯುತ್ತಾ ಬಂದಿತು. 168 ಪಿನ್ನಿನ ಎಸ್‌ಡಿರ್‍ಯಾಮ್‌ಗೆ 3.3 ವೋಲ್ಟ್, 184 ಪಿನ್ನಿನ ಡಿಡಿಆರ್‌ಗೆ 2.5, ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5. ಕೊನೆಯ ಎರಡಕ್ಕೂ ಮೇಜಿನ ಗಣಕದಲ್ಲಿ 240 ಪಿನ್‌ಗಳೇ ಇದ್ದರೂ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತಪ್ಪು ಪಟ್ಟಿ ತಪ್ಪು ಸ್ಲಾಟಿಗೆ ಹೋಗಿ ಸುಟ್ಟುಹೋಗದಿರಲೆಂದೇ ಅಂಚಿನ ಕಚ್ಚನ್ನು ಬೇರೆ ಬೇರೆ ಜಾಗದಲ್ಲಿ ಕೊರೆದಿದ್ದಾರೆ. ಪಟ್ಟಿ ಇಳಿಯದಿದ್ದರೆ ಬಲಪ್ರಯೋಗ ಮಾಡಬಾರದು. ಅದು ಆ ಬೋರ್ಡಿನದಲ್ಲ, ಇಲ್ಲವೆ ತಿರುಗಿಸಿ ಹಿಡಿಯಲಾಗಿದೆ ಎಂದು ತಿಳಿಯಬೇಕು.

ಅಳವಡಿಸುವ ಕ್ರಮವೂ ಪೀಳಿಗೆಗೆ ತಕ್ಕಂತೆ ಬೇರೆ. ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿ, ಯಂತ್ರದ ಲೋಹದ ಚೌಕಟ್ಟನ್ನು ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಹಳೆಯ ಸಿಮ್ ಪಟ್ಟಿಯನ್ನು ಓರೆಯಾಗಿ ಸ್ಲಾಟಿಗೆ ಇಳಿಸಿ, ಎರಡೂ ಬದಿಯ ಕೊಕ್ಕೆ ಹಿಡಿಯುವವರೆಗೆ ನೆಟ್ಟಗೆ ನಿಲ್ಲಿಸಬೇಕು. ಡಿಮ್ ಪಟ್ಟಿಯನ್ನು ನೇರವಾಗಿ ಒತ್ತಬೇಕು. ಬದಿಯ ಹಿಡಿಗಳು ತಾವಾಗಿ ಮುಚ್ಚಿಕೊಂಡರೆ ಪಟ್ಟಿ ಸರಿಯಾಗಿ ಕೂತಿತೆಂದು ಅರ್ಥ. ಯಂತ್ರ ಚಾಲೂ ಮಾಡಿದಾಗ ಪರದೆ ಬೆಳಗದೆ ಬರಿಯ ಬೀಪ್ ಸದ್ದು ಕೇಳಿದರೆ ದುರಸ್ತಿಗಾರರು ಮೊದಲು ತೆಗೆದು ನೋಡುವುದು ಈ ಪಟ್ಟಿಯನ್ನೇ.

ಚಿನ್ನದ ಮಾತು ಮತ್ತೆ ಬರುವುದು ಇಲ್ಲಿಯೇ. ಹಳೆಯ ಸ್ಲಾಟುಗಳಲ್ಲಿ ಕೆಲವಕ್ಕೆ ಚಿನ್ನದ ಲೇಪ, ಕೆಲವಕ್ಕೆ ತವರದ ಲೇಪ ಇರುತ್ತಿತ್ತು. ಚಿನ್ನದ ಅಂಚಿನ ಪಟ್ಟಿ ಉತ್ತಮವೆಂದು ತಂದು ತವರದ ಸ್ಲಾಟಿಗೆ ಹಾಕಿದರೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟದಿಂದ ತವರದ ಆಕ್ಸೈಡು ಚಿನ್ನದ ಮೇಲೆ ಮೆತ್ತಿಕೊಂಡು ಕಾಲಕ್ರಮದಲ್ಲಿ ಸಂಪರ್ಕ ಕೆಡುತ್ತದೆ. ಆದ್ದರಿಂದ ಚಿನ್ನಕ್ಕೆ ಚಿನ್ನ, ತವರಕ್ಕೆ ತವರ ಎಂಬುದು ಬಲ್ಲವರ ನಿಯಮವಾಯಿತು. ಬೆಲೆಬಾಳುವುದೆಲ್ಲ ಎಲ್ಲ ಕಡೆಯೂ ಸಲ್ಲುವುದಿಲ್ಲ, ಸಲ್ಲಬೇಕಾದರೆ ಜೊತೆಗಾರ ಯಾರೆಂದು ನೋಡಬೇಕು.

ಹೊಂದದೆ ಹೋದ ಸಂಸ್ಥೆ

ಪಟ್ಟಿಗೆ ಅನ್ವಯಿಸಿದ ಈ ವಿವೇಕ ಯಂತ್ರಗಳ ವಿಷಯದಲ್ಲಿ ವಾಂಗ್ ಅವರ ಸಂಸ್ಥೆಗೆ ಒದಗಲಿಲ್ಲ. 1981ರಲ್ಲಿ ಐಬಿಎಂ ತನ್ನ ವೈಯಕ್ತಿಕ ಗಣಕವನ್ನು ಹೊರತಂದಿತು. ಅದರ ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಸಿಗುವಂಥವು. ಅದಕ್ಕೆ ತಂತ್ರಾಂಶವನ್ನು ಯಾರು ಬೇಕಾದರೂ ಬರೆಯಬಹುದಾಗಿತ್ತು. ಮರುವರ್ಷ ಬಂದ ವಾಂಗ್ ಗಣಕ ತಾಂತ್ರಿಕವಾಗಿ ಸಮರ್ಥವಾಗಿದ್ದರೂ ಐಬಿಎಂ ಯಂತ್ರದ ತಂತ್ರಾಂಶ ಅದರ ಮೇಲೆ ನಡೆಯುತ್ತಿರಲಿಲ್ಲ. ವಾಂಗ್ ಯಂತ್ರ ಕೊಂಡ ಕಚೇರಿ ಪರದೆ, ಮುದ್ರಕ, ತಂತ್ರಾಂಶ ಎಲ್ಲಕ್ಕೂ ವಾಂಗ್ ಅವರನ್ನೇ ಆಶ್ರಯಿಸಬೇಕಾಗಿತ್ತು. ಗ್ರಾಹಕ ಬೇರೆಡೆ ಹೋಗದಂತೆ ಕಟ್ಟಿದ ಗೋಡೆ ಹೊಸ ಗ್ರಾಹಕನನ್ನು ಒಳಗೆ ಬಾರದಂತೆಯೂ ತಡೆಯಿತು. ಸಾಧಾರಣ ಗಣಕವೊಂದು ಸಣ್ಣ ತಂತ್ರಾಂಶದ ನೆರವಿನಿಂದ ಪತ್ರ ಬರೆಯತೊಡಗಿದ ಮೇಲೆ ಪದಸಂಸ್ಕರಣಕ್ಕೆಂದೇ ಮೀಸಲಾದ ದುಬಾರಿ ಯಂತ್ರವನ್ನು ಕೇಳುವವರು ಕಡಿಮೆಯಾದರು. ಐಬಿಎಂ ತಂತ್ರಾಂಶಕ್ಕೆ ಹೊಂದುವ ಏರ್ಪಾಡುಗಳನ್ನು ಸಂಸ್ಥೆ ಮುಂದೆ ಮಾಡಿಕೊಂಡಿತಾದರೂ ಅಷ್ಟರಲ್ಲಿ ಹೊತ್ತು ಮೀರಿತ್ತು.

ಮತ್ತೊಂದು ಕಾರಣ ಮನೆಯೊಳಗಿನದು. ಸಂಸ್ಥೆಯ ಹಿಡಿತ ಕುಟುಂಬದಲ್ಲೇ ಉಳಿಯಬೇಕೆಂಬುದು ವಾಂಗ್ ಅವರ ಬಲವಾದ ಇಚ್ಛೆ. ಮತದ ಹಕ್ಕು ಕಡಿಮೆಯಿರುವ ಷೇರುಗಳನ್ನು ಹೊರಗಿನವರಿಗೆ ನೀಡಿ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡರು. 1986ರಲ್ಲಿ ಹಿರಿಯ ಮಗ ಫ್ರೆಡರಿಕ್ ಅವರನ್ನು ಅಧ್ಯಕ್ಷ ಪದವಿಗೆ ತಂದರು. ಅನುಭವಿಗಳು ಒಬ್ಬೊಬ್ಬರಾಗಿ ಹೊರನಡೆದರು. 1989ರ ಜೂನ್ ಅಂತ್ಯಕ್ಕೆ ಮುಗಿದ ಆರ್ಥಿಕ ವರ್ಷದಲ್ಲಿ ನಷ್ಟ 42 ಕೋಟಿ ಡಾಲರ್ ಮೀರಿತು. ಅನ್ನನಾಳದ ಕ್ಯಾನ್ಸರಿನಿಂದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ತಂದೆ, ಆ ಆಗಸ್ಟಿನಲ್ಲಿ ಮಗನಿಂದ ರಾಜೀನಾಮೆ ಪಡೆಯಬೇಕಾಯಿತು. ಬದುಕಿನಲ್ಲಿ ಅವರು ಕೈಗೊಂಡ ಅತ್ಯಂತ ಕಠಿಣ ನಿರ್ಧಾರ ಅದೇ ಇರಬೇಕು.

1990ರ ಮಾರ್ಚ್ 24ರಂದು, 70ನೆಯ ವಯಸ್ಸಿನಲ್ಲಿ, ಡಾ. ವಾಂಗ್ ಬಾಸ್ಟನ್ನಿನಲ್ಲಿ ನಿಧನರಾದರು. ಅದಕ್ಕೆ ಮುನ್ನ 1986ರಲ್ಲಿ ಅಮೆರಿಕದ ಅಧ್ಯಕ್ಷರಿಂದ ಸ್ವಾತಂತ್ರ್ಯ ಪದಕವನ್ನು, 1988ರಲ್ಲಿ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಯಲ್ಲಿ ಸ್ಥಾನವನ್ನು ಅವರು ಪಡೆದಿದ್ದರು. ಅವರು ತೀರಿಕೊಂಡ ಎರಡೇ ವರ್ಷದಲ್ಲಿ, 1992ರ ಆಗಸ್ಟಿನಲ್ಲಿ, ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. ಕೋಟಿಗಟ್ಟಲೆ ಡಾಲರ್ ಸುರಿದು ಕಟ್ಟಿದ ಲೋವೆಲ್ ಗೋಪುರಗಳು 1994ರ ಹರಾಜಿನಲ್ಲಿ ಸುಮಾರು ಐದು ಲಕ್ಷ ಡಾಲರಿಗೆ ಹೋದವು. ಐಬಿಎಂಗೆ ಪೇಟೆಂಟ್ ಮಾರಿದ ಮೊತ್ತಕ್ಕೂ ಇದಕ್ಕೂ ಹೆಚ್ಚು ಅಂತರವಿರಲಿಲ್ಲ.

ಕುಗ್ಗಿದ ಸಂಸ್ಥೆಗೆ ಆಸರೆಯಾಗಿ ಉಳಿದದ್ದು ಹಳೆಯ ಮೆಮೊರಿ ಪಟ್ಟಿಯ ಪೇಟೆಂಟ್. ತೋಷಿಬಾ ಮತ್ತು ಎನ್‌ಇಸಿ ವಿರುದ್ಧದ ವ್ಯಾಜ್ಯದಲ್ಲಿ 1993ರಲ್ಲಿ ಮೇಲ್ಮನವಿ ನ್ಯಾಯಾಲಯ ವಾಂಗ್ ಪರ ನಿಂತಿತು. ಆದರೆ ಮಿತ್ಸುಬಿಷಿ ಪ್ರಕರಣದಲ್ಲಿ 1997ರಲ್ಲಿ ತೀರ್ಪು ವಿರುದ್ಧವಾಯಿತು. ಪಟ್ಟಿಯನ್ನು ತಯಾರಿಸಿರೆಂದು ತಾನೇ ಹುರಿದುಂಬಿಸಿ, ನಕ್ಷೆಗಳನ್ನು ಕೊಟ್ಟು, ಬಳಿಕ ಕೊಂಡೂ ಇದ್ದ ಸಂಸ್ಥೆ ಆಮೇಲೆ ಹಕ್ಕಿನ ಹಣ ಕೇಳುವಂತಿಲ್ಲ. ಅದರ ನಡತೆಯಲ್ಲೇ ಅನುಮತಿ ಅಡಗಿತ್ತು ಎಂಬುದು ನ್ಯಾಯಾಲಯದ ನಿಲುವು. ಎಲ್ಲರಿಗೂ ತೆರೆದಿಟ್ಟ ಬಾಗಿಲನ್ನು ಮತ್ತೆ ಮುಚ್ಚಲಾಗಲಿಲ್ಲ. 1999ರಲ್ಲಿ ವಾಂಗ್ ಸಂಸ್ಥೆ ನೆದರ್ಲೆಂಡಿನ ಗೆಟ್ರಾನಿಕ್ಸ್ ಸಂಸ್ಥೆಯಲ್ಲಿ ವಿಲೀನವಾಯಿತು.

ಈಗ ಅದೇ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ಜೋಡಣೆಯ ಕಾರ್ಖಾನೆಯಿದೆ. ವಿಸ್ಟ್ರಾನ್ ಸಂಸ್ಥೆ ಆರಂಭಿಸಿದ ಅದನ್ನು 2023ರಲ್ಲಿ ಟಾಟಾ ಸಮೂಹ ಕೊಂಡುಕೊಂಡಿತು. ಮೊಬೈಲಿನ ಮೆಮೊರಿ ಚಿಪ್ಪು ಬೋರ್ಡಿಗೆ ಬೆಸೆದೇ ಬರುತ್ತದೆ, ಕೀಳುವಂತಿಲ್ಲ, ಹೆಚ್ಚಿಸುವಂತಿಲ್ಲ. ಅನೇಕ ಲ್ಯಾಪ್‌ಟಾಪುಗಳೂ ಇದೇ ಹಾದಿ ಹಿಡಿದಿವೆ. ನೆನಪು ಸಾಲದಾದರೆ ಹೊಸ ಸಾಧನವನ್ನೇ ಕೊಳ್ಳಬೇಕು. ಅಟ್ಟದ ಮೇಲಿನ ಹಳೆಯ ಗಣಕದ ಸ್ಥಿತಿ ಹಾಗಲ್ಲ. ಅದಕ್ಕೆ ತಕ್ಕ ಪಟ್ಟಿಯನ್ನು ಹುಡುಕಿ ತಂದು, ಕಚ್ಚು ನೋಡಿ, ಹದವಾಗಿ ಒತ್ತಿ ಕೂರಿಸಿದರೆ ಇನ್ನಷ್ಟು ದಿನ ಮಕ್ಕಳ ಕಲಿಕೆಗೆ ಒದಗೀತು. ವಾಂಗ್ ಅವರ ಹೆಸರು ಹೊತ್ತ ಯಂತ್ರಗಳು ಬಳಕೆಯಿಂದ ಮರೆಯಾಗಿ ದಶಕಗಳಾದವು. ಯಾರ ಹೆಸರನ್ನೂ ಹೊರದ ಆ ಪಟ್ಟಿಯ ಸಂತತಿ ಮಾತ್ರ ಮೇಜಿನ ಗಣಕಗಳಲ್ಲಿ ಇಂದಿಗೂ ದುಡಿಯುತ್ತಿದೆ.